ಶಬ್ದಗಳಿಗೆ ಗುಂಪು ಕಟ್ಟಿದ್ದು

ಕಲಿಸುವವನ ಮಾನ ಕಲಿಯುವವರ ಬಾಯಲ್ಲಿರುತ್ತದೆ. ನನ್ನದು ವಾರಕ್ಕೆರಡು ಸಲವಾದರೂ ಹೋಗುತ್ತಿತ್ತು.

ಯುದ್ಧದ ಕಾಲ. ಕುಮಟೆಯ ಶಾಲೆಯೊಂದರಲ್ಲಿ ನಾನು ಹಂಗಾಮಿ ಇಂಗ್ಲಿಷ್ ಮಾಸ್ತರ. ಹೆಡ್ ಮಾಸ್ತರರು ಮೊದಲೇ ಹೇಳಿಬಿಟ್ಟಿದ್ದರು: "ಡೆಪ್ಯುಟಿ ಸಾಹೇಬರು ತಪಾಸಣೆಗೆ ಬಂದಾಗ ಮಕ್ಕಳು ಇಂಗ್ಲಿಷಲ್ಲಿ ಬಾಯಿ ಬಿಡಬೇಕು. ಬಿಟ್ಟರೆ ನೀವು ಕಾಯಂ. ಇಲ್ಲದಿದ್ದರೆ ಕತಗಾಲಕ್ಕೆ ಹೋಗಿ ಅಪ್ಪನ ತೋಟಕ್ಕೆ ನೀರು ಬಿಡಿ."

ಬಿಡಿ ಶಬ್ದ ಮಕ್ಕಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಗುಂಪು ಕಟ್ಟಿದೆ. ಒಂದು ವಾರ ಅಡುಗೆಮನೆ, ಒಂದು ವಾರ ಮೀನು, ಒಂದು ವಾರ ಕಾಯಿಲೆ.

ಅಡುಗೆಮನೆ

"ಮನೆಯಲ್ಲಿ ಒಂದೊಂದೇ ಸಾಮಾನು ಮುಟ್ಟಿ ಹೆಸರು ಹೇಳಿ" ಎಂದಿದ್ದೆ. ಹುಡುಗಿಯೊಬ್ಬಳು ಶಾಲೆಯ ಬಟ್ಟೆಯಲ್ಲೇ ಒಳಹೊಕ್ಕು, ಅಜ್ಜಿಯ ಮಡಿ ಪಾತ್ರೆಗಳನ್ನೆಲ್ಲ "ಪಾಟ್, ಪ್ಯಾನ್, ಸ್ಪೂನ್" ಎಂದು ಮುಟ್ಟುತ್ತ ಹೋದಳು. ಕಡೆಗೆ "ಗ್ರಾಂಡ್‌ಮದರ್" ಎಂದು ಅಜ್ಜಿಯನ್ನೂ ಮುಟ್ಟಿದಳು.

ಎರಡನೇ ಸಲ ಮಿಂದ ಅಜ್ಜಿ ಒದ್ದೆ ತಲೆಯಲ್ಲೇ ಶಾಲೆಗೆ ಬಂದರು. "ತಮಾ, ಇಂಗ್ಲಿಷು ದೂರದಿಂದ ಕಲಿಯಲೆ ಬತ್ತಿಲ್ಯ?"

ಮೀನು

ನಾನೋ ಮೀನಿನ ಮುಖ ನೋಡಿದವನಲ್ಲ. ತದಡಿಯಿಂದ ಮೀನು ತಂದು ಮಾರುವ ಹೆಂಗಸೊಬ್ಬಳ ಮಗ ನನ್ನ ವರ್ಗದಲ್ಲಿದ್ದ. ಅವಳು ಪೇಟೆಯಲ್ಲಿ ನನ್ನನ್ನು ತಡೆದು ಬುಟ್ಟಿ ಇಳಿಸಿದಳು.

"ಮಾಸ್ತರೇ, ಬಂಗಡೆಗೆ ಇಂಗ್ಲಿಷಲ್ಲಿ ಎಂತ ಹೇಳ್ತರೆ?"

"ಫಿಶ್."

"ತಾರ್ಲಿಗೆ?"

"ಅದೂ ಫಿಶ್ಶೇ."

"ಶೆಟ್ಲಿಗೆ?" ಎಂದು ಸಿಗಡಿಯೊಂದನ್ನು ಎತ್ತಿ ತೋರಿಸಿದಳು.

ನಾನು ಬೆವರು ಒರೆಸಿಕೊಂಡೆ. ಅವಳಿಗೆ ಇಂಗ್ಲಿಷರ ಮೇಲೆ ನಿಜವಾಗಿಯೂ ಕನಿಕರ ಬಂತು. "ಪಾಪ, ತಾವು ಎಂತ ತಿಂತಾ ಇದ್ದೇವೆ ಅಂತ್ಲೂ ಅವ್ರಿಗೆ ಗೊತ್ತಿಲ್ಲ" ಎಂದು ಬುಟ್ಟಿ ಹೊತ್ತುಕೊಂಡು ಹೋದಳು.

ಕಾಯಿಲೆ

"ಹೌ ಆರ್ ಯೂ" ಎಂಬುದು ಕಾಯಿಲೆಯವರನ್ನು ಕೇಳುವ ಮಾತು ಎಂದು ಈ ಗುಂಪಿಗೇ ಸೇರಿಸಿದ್ದೆ. ಉತ್ತರಕ್ಕೆ ಕಾಯಿಲೆಗಳ ಪಟ್ಟಿಯನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದೆ. ನನ್ನ ಗ್ರಹಚಾರ, ಅದೇ ವಾರ ಡೆಪ್ಯುಟಿ ಸಾಹೇಬರು ಬಂದರು. ಧಾರವಾಡದ ಕಡೆಯವರು, ಘಟ್ಟದ ಕೆಳಗಿನ ಜ್ವರವೆಂದರೆ ಅವರಿಗೆ ಜೀವಭಯ.

ಬಾಗಿಲಲ್ಲೇ ನಿಂತು, ಮೊದಲ ಸಾಲಿನವನಿಗೆ ನಗುತ್ತ "ಹೌ ಆರ್ ಯೂ?" ಎಂದರು.

ಅವನು ಕೈಕಟ್ಟಿ ನಿಂತು, "ಫೀವರ್, ಕಾಫ್, ಮಲೇರಿಯಾ, ಕಾಲರಾ, ಸರ್" ಎಂದ.

ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದು ಪಕ್ಕದವನನ್ನು ಕೇಳಿದರು. ಅವನಿಗೂ ಅವೇ ನಾಲ್ಕು. ಮೂರನೆಯವನು ಜಾಣ, ಕೇಳುವ ಮೊದಲೇ ಎದ್ದು "ಸ್ಮಾಲ್‌ಪಾಕ್ಸ್" ಸೇರಿಸಿದ. ಆಮೇಲೆ ಇಡೀ ವರ್ಗ ಒಂದೇ ರಾಗದಲ್ಲಿ ಶುರುಮಾಡಿತು. ನನ್ನ ನೌಕರಿ ಕಣ್ಣೆದುರೇ ಮುಳುಗಿತು ಅಂದುಕೊಂಡೆ.

ಸಾಹೇಬರು ಕರವಸ್ತ್ರ ಮೂಗಿಗೆ ಹಿಡಿದು, ಅಂಗಳದಲ್ಲೇ ನಿಂತು ತಪಾಸಣೆ ಪುಸ್ತಕದಲ್ಲಿ ತಮ್ಮ ಅಭಿಪ್ರಾಯದ ಶೇರಾ ಬರೆದು ಹೊರಟೇಹೋದರು. ತಪಾಸಣೆ ಅಲ್ಲಿಗೇ ಮುಗಿಯಿತು. ಹೆಡ್ ಮಾಸ್ತರರು ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು:

"ಇಷ್ಟು ಕಾಯಿಲೆಯಲ್ಲೂ ಮಕ್ಕಳು ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾರೆ. ಮಾಸ್ತರರು ಬದುಕಿ ಉಳಿದರೆ ಕಾಯಂ ಮಾಡಬಹುದು."