ಪುಟ್ಟ ಕಾರಿನ ದೊಡ್ಡ ಗಂಟಲು

ಕೆಲವರಿಗೆ ದೇವರು ಗಂಟಲು ಕೊಡುವಾಗ ಅಳತೆಯಲ್ಲಿ ಮೋಸ ಮಾಡಿರುತ್ತಾನೆ. ಅಂಥವರಲ್ಲಿ ನಾನೂ ಒಬ್ಬ. ಹೋಟೆಲಿನಲ್ಲಿ ನಾನು ಕಾಫಿ ಹೇಳಿದರೆ ಮಾಣಿ ಪಕ್ಕದವರ ಮುಖ ನೋಡುತ್ತಾನೆ. ಬಸ್ಸಿನಲ್ಲಿ ನಾನು ‘ಇಳೀಬೇಕು’ ಅಂದರೆ ಮುಂದಿನ ಊರಿನಲ್ಲಿ ಇಳಿಯುತ್ತೇನೆ. ಹೊಟ್ಟೆಪಾಡಿಗೆ ಸಿಕ್ಕಿದ ಕೆಲಸವೂ ಗಂಟಲಿಗೆ ತಕ್ಕದ್ದೇ. ಪಾಂಡವಪುರದ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ‘ನಿಶ್ಶಬ್ದ’ ಎಂಬ ಬೋರ್ಡಿನ ಕೆಳಗೆ ಇಪ್ಪತ್ತಮೂರು ವರ್ಷದಿಂದ ಕೂತಿದ್ದೇನೆ, ಅದನ್ನು ಪಾಲಿಸಿದವನು ನಾನೊಬ್ಬನೇ. ಇಂಥ ನಾನು ನನ್ನ ಪುಟ್ಟ ಕಾರಿಗೆ ಬಸ್ಸಿನ ಹಾರನ್ನು ಹಾಕಿಸಿಕೊಂಡೆ ಎಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ನನ್ನ ಹೆಂಡತಿ ಸುಜಾತ ತವರಿಗೆ ಹೋಗಿ ಮೂರು ತಿಂಗಳಾಗಿತ್ತು. ಜಗಳವಾಡಿಕೊಂಡು ಅಲ್ಲ. ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ನೋಡಿಕೊಳ್ಳಲು ಮಗಳು ಹೋಗಲೇಬೇಕಲ್ಲ. ಊರು ಕೆ.ಆರ್. ಪೇಟೆ ಕಡೆ, ಸಿಂಧಘಟ್ಟದ ಪಕ್ಕ. ‘ನಿಧಾನಕ್ಕೆ ಬಾ, ನಂದೇನೂ ಚಿಂತೆಯಿಲ್ಲ’ ಎಂದು ದೊಡ್ಡ ಮನುಷ್ಯನಂತೆ ಕಳಿಸಿಕೊಟ್ಟೆ. ಎರಡನೇ ವಾರಕ್ಕೇ ಗೊತ್ತಾಯಿತು ನನ್ನ ದೊಡ್ಡತನ ಎಷ್ಟುದ್ದ ಅಂತ. ಅವಳಿದ್ದಾಗ ಸಂಜೆಯ ಧಾರಾವಾಹಿ ಶುರುವಾದರೆ ‘ಅದರ ಕುತ್ತಿಗೆ ಹಿಸುಕಬಾರದಾ’ ಎಂದು ಗೊಣಗುತ್ತಿದ್ದವನು, ಈಗ ನಾನೇ ಅದನ್ನು ಹಾಕಿ, ಸೌಂಡು ಜಾಸ್ತಿ ಮಾಡಿ, ಅಡುಗೆಮನೆಯಲ್ಲಿ ಅನ್ನಕ್ಕೆ ಇಡುತ್ತಿದ್ದೆ. ಫೋನಿನಲ್ಲಿ ಅವಳು ‘ಆ ಸೊಸೆ ಕಥೆ ಏನಾಯ್ತು ರೀ’ ಅಂದರೆ ಅರ್ಧ ಗಂಟೆ ಹೇಳುತ್ತಿದ್ದೆ. ಹೇಳಬೇಕಾಗಿದ್ದ ಮಾತು ಒಂದೇ ಇತ್ತು. ಅದನ್ನು ಬಿಟ್ಟು ಆ ಸೊಸೆಯ ಕಷ್ಟವನ್ನೆಲ್ಲ ಹೇಳುತ್ತಿದ್ದೆ.

ಪ್ರತಿ ಭಾನುವಾರ ಕಾರು ಹತ್ತಿ ಅವಳನ್ನು ನೋಡಲು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಮಾಕವಳ್ಳಿ ಫ್ಯಾಕ್ಟರಿಗೆ ಕಬ್ಬು ಹೊರುವ ಟ್ರಾಕ್ಟರುಗಳು. ಹಿಂದೆ ಎರಡೆರಡು ಟ್ರೈಲರು, ಮುಂದೆ ಡ್ರೈವರನ ಕಿವಿಯ ಪಕ್ಕದಲ್ಲೇ ಸ್ಪೀಕರು. ನನ್ನ ಕಾರಿನ ಕಂಪನಿ ಹಾರನ್ನು ‘ಪೀಂಕ್’ ಎನ್ನುತ್ತದೆ, ಅದೂ ಸಂಕೋಚಪಟ್ಟುಕೊಂಡು. ಹಾಗಾಗಿ ಹತ್ತು ಕಿಲೋಮೀಟರು ಕಬ್ಬಿನ ಸೋಗೆ ನೋಡಿಕೊಂಡು ಹೋಗುತ್ತಿದ್ದೆ. ಹೊಸ ಹಾರನ್ನಿಗೆ ಇದೇ ಕಾರಣ ಎಂದು ಮೆಕ್ಯಾನಿಕ್ಕಿಗೆ ಹೇಳಿದೆ. ಅದು ಸುಳ್ಳು. ಮದುವೆಯಾದ ಹೊಸದರಲ್ಲಿ ನನ್ನ ಹತ್ತಿರ ಒಂದು ಮೊಪೆಡ್ ಇತ್ತು. ಅದು ಬೀದಿಯ ತುದಿಯಲ್ಲಿ ಕೆಮ್ಮಿದರೆ ಸಾಕು, ಸುಜಾತ ಬಾಗಿಲಲ್ಲಿ ನಿಂತಿರುತ್ತಿದ್ದಳು. ಈಗ ಅತ್ತೆಯ ಮನೆ ಮುಂದೆ ನಿಂತು ನಾಲ್ಕು ಸಲ ‘ಪೀಂಕ್’ ಅನ್ನಿಸಿದರೂ ಒಂದು ಕೋಳಿ ಕೂಡ ತಿರುಗಿ ನೋಡುವುದಿಲ್ಲ. ನಾನೇ ಗೇಟು ತೆಗೆದು, ಚಪ್ಪಲಿ ಬಿಟ್ಟು, ಜನಗಣತಿಗೆ ಬಂದವನ ಹಾಗೆ ‘ಯಾರಿದ್ದೀರಾ’ ಎನ್ನಬೇಕು. ಅವಳು ಒಂದೇ ಒಂದು ಸಲ, ನಾನು ಬಂದ ಸದ್ದು ಕೇಳಿ ಹೊರಗೆ ಓಡಿ ಬರಬೇಕು. ಐವತ್ತೆರಡರ ವಯಸ್ಸಿನಲ್ಲಿ ನನಗಿದ್ದ ಆಸೆ ಇಷ್ಟೇ.

ಮೆಕ್ಯಾನಿಕ್ ನಯಾಜ್ ಮೂವತ್ತು ವರ್ಷದಿಂದ ಗಾಡಿಗಳ ಹೊಟ್ಟೆ ನೋಡಿದವನು. ನಾನು ಬೆರಳಿಟ್ಟು ತೋರಿಸಿದ ಹಾರನ್ನನ್ನು ಕೈಯಲ್ಲಿ ತೂಗಿ, ‘ಸಾರ್, ಇದು ಬಸ್ಸಿಗೆ ಹಾಕೋ ಮಾಲು. ನಿಮ್ ಗಾಡಿ ಬ್ಯಾಟ್ರಿ ಬಚ್ಚಾ ಐತೆ. ಇದನ್ನ ಹೊಡೆದಾಗೆಲ್ಲ ಹೆಡ್‌ಲೈಟು ಮಂಕಾಗ್ತದೆ. ನೀವೇ ಹೇಳಿ, ಕಾಣಿಸ್ಬೇಕಾ, ಕೇಳಿಸ್ಬೇಕಾ?’ ಅಂದ. ‘ಕೇಳಿಸ್ಬೇಕು’ ಅಂದೆ. ಅವನಿಗೆ ಅದೇ ಕೇಳಿಸಲಿಲ್ಲ, ಎರಡು ಸಲ ಹೇಳಬೇಕಾಯಿತು. ಅವನು ನಿಟ್ಟುಸಿರುಬಿಟ್ಟು ಬಂಪರು ಬಿಚ್ಚಿದ. ಮೊದಲ ಸಲ ಒತ್ತಿದಾಗ ಎದುರಿನ ಸಲೂನಿನಲ್ಲಿ ಗಡ್ಡ ಮಾಡಿಸಿಕೊಳ್ಳುತ್ತಿದ್ದವನೊಬ್ಬ ಅರ್ಧ ನೊರೆಯಲ್ಲೇ ಎದ್ದು ನಿಂತ. ನನಗೆ ಮೈ ಜುಮ್ಮೆಂದಿತು. ಸುಜಾತಳಿಗೆ ಫೋನು ಮಾಡಿ, ‘ಕಾರು ರಿಪೇರಿ, ಈ ಭಾನುವಾರ ಬರೋಕಾಗಲ್ಲ’ ಅಂದೆ. ಹೇಳದೆ ಹೋಗಿ ಬೆರಗುಗೊಳಿಸೋಣ ಅಂತ.

ಆ ಊರಿನ ಒಂದು ಪದ್ಧತಿ ನಾನು ಮರೆತಿದ್ದೆ. ಅಲ್ಲಿ ಬಸ್ಸಿಗೆ ಯಾರೂ ಸ್ಟಾಪಿನಲ್ಲಿ ಕಾಯುವುದಿಲ್ಲ. ಪಾಂಡವಪುರಕ್ಕೆ ಹೋಗುವ ಸಾಯಂಕಾಲದ ಕೊನೆಯ ಬಸ್ಸು ಅರಳಿಕಟ್ಟೆಯ ತಿರುವಿನಲ್ಲಿ ಉದ್ದಕ್ಕೊಂದು ಹಾರನ್ನು ಹೊಡೆಯುತ್ತದೆ. ಆಗ ಜನ ಚೀಲ ಎತ್ತಿಕೊಂಡು ಮನೆಯಿಂದ ಹೊರಡುತ್ತಾರೆ. ಯಾರೂ ಬಾರದಿದ್ದರೆ ಬಸ್ಸು ಹೋಗುತ್ತದೆ. ಆ ಭಾನುವಾರ ನಾನು ಅದೇ ತಿರುವಿನಲ್ಲಿ, ಬಸ್ಸಿನ ಹೊತ್ತಿಗೆ ಹತ್ತು ನಿಮಿಷ ಮುಂಚೆ, ಅದೇ ಹಾರನ್ನನ್ನು ಅಷ್ಟೇ ಉದ್ದಕ್ಕೆ ಹೊಡೆದೆ.

ಸುಜಾತ ಓಡಿ ಬಂದಳು. ಸುಳ್ಳು ಹೇಳುವುದಿಲ್ಲ, ಸೆರಗು ಸಿಕ್ಕಿಸಿಕೊಂಡು, ಮುಖ ಅರಳಿಸಿಕೊಂಡು, ಬೀದಿಯಲ್ಲಿ ಎದುರಿಗೇ ಓಡಿ ಬಂದಳು. ನನ್ನ ಕಣ್ಣು ಮಂಜಾಯಿತು. ಮಂಜು ಇಳಿದ ಮೇಲೆ ಅವಳ ಕೈಯಲ್ಲಿದ್ದ ಬಟ್ಟೆಯ ಬ್ಯಾಗು ಕಂಡಿತು. ಅವಳ ಹಿಂದೆ ಬಗಲಲ್ಲಿ ಮಗು ಎತ್ತಿಕೊಂಡ ಗಂಡ-ಹೆಂಡತಿ, ಡ್ಯೂಟಿಗೆ ಹೊರಟ ಒಬ್ಬ ನರ್ಸ್ ಹುಡುಗಿ, ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತ ಕೆಂಪಮ್ಮ ಅನ್ನುವ ಮುದುಕಿ. ನನ್ನನ್ನು ನೋಡಿ ಸುಜಾತಳ ಮುಖ ಇಳಿದೇ ಹೋಯಿತು. ‘ಅಯ್ಯೋ, ನೀವಾ? ನಾನು ಬಸ್ಸು ಅಂದ್ಕಂಡೆ. ನೀವು ಬರಲ್ಲ ಅಂದ್ರಲ್ಲ, ಅದಕ್ಕೆ ನಾನೇ ಹೊರಟಿದ್ದೆ. ನಾಲ್ಕು ದಿನ ಅಮ್ಮನ್ನ ತಮ್ಮನ ಹೆಂಡ್ತಿ ನೋಡ್ಕತಾಳಂತೆ.’ ಕೆಂಪಮ್ಮ ಕಾರನ್ನು ಒಂದು ಸುತ್ತು ಬಂದು, ‘ಅಲ್ಲ ಕಣ್ ಅಳಿಮಯ್ಯ, ಇಷ್ಟಗಲ ಕಾರಿಗೆ ಅಷ್ಟುದ್ದ ಗಂಟ್ಲು ಯಾತಕ್ಕಪ್ಪ? ಬಾಯಲ್ಲಿದ್ದ ಎಲಡ್ಕೆ ಉಗುದು ಓಡ್ಬಂದ್ಬುಟ್ನಲ್ಲೋ’ ಅಂದಳು. ಎಲ್ಲರೂ ಬೈದುಕೊಂಡು ಅವರವರ ಮನೆಗೆ ಹೋದರು.

ನನಗೆ ಬೈಗುಳ ತಾಗಲಿಲ್ಲ. ಅವಳು ನನ್ನ ಹತ್ತಿರ ಬರಲೆಂದೇ ಬ್ಯಾಗು ತುಂಬಿಕೊಂಡಿದ್ದಳು. ಕಾಫಿ ಕುಡಿದು ಇಬ್ಬರೂ ಕಾರಿನಲ್ಲಿ ಹೊರಡುವುದೆಂದಾಯಿತು. ಜಗಲಿಯ ಮೇಲೆ ಕೂತೆ. ಅವಳು ಲೋಟ ಕೊಟ್ಟು ಎದುರಿಗೆ ಕೂತಳು. ಅಷ್ಟರಲ್ಲಿ ತಿರುವಿನಲ್ಲಿ ಹಾರನ್ನು ಕೇಳಿಸಿತು. ಪಕ್ಕದ ಮನೆಯೊಳಗಿಂದ ಕೆಂಪಮ್ಮ, ‘ಯಾರೂ ಏಳ್‌ಬ್ಯಾಡ್ರವ್ವ, ಅದೇ ಅಳಿಮಯ್ಯ, ಮತ್ತೆ ಬಡೀತಾವ್ನೆ’ ಎಂದು ಊರಿಗೆಲ್ಲ ಸಾರಿದಳು. ಹಾರನ್ನು ಇನ್ನೊಂದು ಸಲ ಆಯಿತು. ಅದು ನಿಜವಾದ ಬಸ್ಸು ಎಂದು ಇಡೀ ಊರಿನಲ್ಲಿ ಖಾತ್ರಿಯಾಗಿ ಗೊತ್ತಿದ್ದವನು ನಾನೊಬ್ಬನೇ. ಎದ್ದು ಕೂಗಬಹುದಿತ್ತು. ಆದರೆ ಸುಜಾತ ಅದ್ಯಾವುದಕ್ಕೂ ಕಿವಿಗೊಡದೆ ತನ್ನ ಲೋಟದ ಕಾಫಿ ಆರಿಸುತ್ತ, ನಾನು ಸೊರಗಿದ್ದೇನೆ ಅಂತ ಏನೋ ಹೇಳುತ್ತಿದ್ದಳು. ಭಾನುವಾರ ಬಂದಾಗಲೆಲ್ಲ ಅವಳು ಅಮ್ಮನ ಹಾಸಿಗೆಯ ಪಕ್ಕವೇ ಇರುತ್ತಿದ್ದಳು; ಮೂರು ತಿಂಗಳಾಗಿತ್ತು ಅವಳು ಹಾಗೆ ಎದುರಿಗೆ ಕೂತು. ನಾನು ಏಳಲಿಲ್ಲ.

ಐದು ನಿಮಿಷಕ್ಕೆ ನರ್ಸ್ ಹುಡುಗಿಗೆ ಬಸ್ಸಿನಲ್ಲಿದ್ದ ಗೆಳತಿಯ ಫೋನು ಬಂತು, ‘ನೀನ್ಯಾಕೆ ಹತ್ತಲಿಲ್ಲ’ ಅಂತ. ಎಲ್ಲರೂ ಮತ್ತೆ ಬೀದಿಗೆ ಬಂದರು. ಈ ಸಲ ಯಾರೂ ಜೋರಾಗಿ ಮಾತಾಡಲಿಲ್ಲ, ಅದೇ ಹೆಚ್ಚು ಹೆದರಿಕೆಯಾದದ್ದು. ಮಗುವಿನ ತಾಯಿ, ‘ಈಗೇನಣ್ಣ ಮಾಡದು ನಾವು?’ ಅಂದಳು. ಸುಜಾತ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, ‘ಅದು ಬಸ್ಸು ಅಂತ ನಿಮಗೆ ಗೊತ್ತಿತ್ತಾ?’ ‘ಗೊತ್ತಿತ್ತು. ನೀನು ಎದುರಿಗೆ ಕೂತಿದ್ದೆಯಲ್ಲ, ಏಳೋಕೆ ಮನಸ್ಸಾಗಲಿಲ್ಲ’ ಅಂದೆ. ನನ್ನ ಎಂದಿನ ಗಂಟಲಿನಲ್ಲೇ ಅಂದದ್ದು. ಅವಳಿಗೆ ಒಂದೇ ಸಲಕ್ಕೆ ಕೇಳಿಸಿತು. ‘ಹಂಗಾದ್ರೆ ಇವರನ್ನೆಲ್ಲ ನೀವೇ ಕರ್ಕೊಂಡು ಹೋಗಬೇಕು’ ಎಂದು ಬ್ಯಾಗನ್ನು ಜಗಲಿಯ ಮೇಲಿಟ್ಟಳು. ಮುಂದೆ ಕೆಂಪಮ್ಮ, ಹಿಂದೆ ಉಳಿದವರು, ತೊಡೆಯ ಮೇಲೆ ಮಗು. ಕಾರು ತುಂಬಿಹೋಯಿತು. ‘ಇವರನ್ನ ಬಿಟ್ಟು ವಾಪಸ್ ಬರ್ತೀನಿ’ ಅಂದೆ. ‘ಬೇಡ ರೀ, ಕತ್ತಲಾಗುತ್ತೆ, ನಿಮಗೆ ಕಣ್ಣು ಮೊದಲೇ ಅಷ್ಟಕ್ಕಷ್ಟೆ. ನಾನು ನಾಳೆ ಬಸ್ಸಿಗೆ ಬರ್ತೀನಿ. ಸದ್ದು ಕೇಳಿ ಅಲ್ಲ, ಕಣ್ಣಾರೆ ನೋಡಿ ಹತ್ತಿ ಬರ್ತೀನಿ’ ಅಂದಳು. ಕನ್ನಡಿಯಲ್ಲಿ ಅವಳು ತಿರುವಿನವರೆಗೂ ಕಾಣಿಸುತ್ತಿದ್ದಳು. ದಾರಿಯಲ್ಲಿ ಟ್ರಾಕ್ಟರುಗಳೆಲ್ಲ ಹೊಸ ಹಾರನ್ನಿಗೆ ಹೆದರಿ ಬದಿಗೆ ಸರಿದವು. ನನಗೆ ಬೇಗ ಹೋಗುವ ಮನಸ್ಸೇ ಇರಲಿಲ್ಲ.

ಮಾರನೆಯ ದಿನ ಬಸ್ಸು ಬರುವುದಕ್ಕೆ ಇನ್ನೂ ಒಂದು ಗಂಟೆ ಇರುವಾಗಲೇ ಪಾಂಡವಪುರದ ಬಸ್ ಸ್ಟ್ಯಾಂಡಿನ ಮುಂದೆ ನಿಂತೆ. ನಿಂತು ಕಾಲು ಸೋತು ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಟೀ ಕೈಗೆ ಬಂತು, ಅಷ್ಟರಲ್ಲಿ ಕೆ.ಆರ್. ಪೇಟೆ ರಸ್ತೆಯ ಕಡೆಯಿಂದ ಉದ್ದಕ್ಕೊಂದು ಹಾರನ್ನು. ಲೋಟ ಅಲ್ಲೇ ಇಟ್ಟು ಓಡಿದೆ. ಚಪ್ಪಲಿಯ ಉಂಗುಷ್ಟ ಕಿತ್ತು ಬಂತು, ನಿಲ್ಲಲಿಲ್ಲ. ಬಂದದ್ದು ಬಸ್ಸಲ್ಲ, ನನ್ನದರಷ್ಟೇ ಪುಟ್ಟದೊಂದು ಕಾರು. ಒಳಗೆ ನನ್ನ ಹಾಗೇ ತಲೆ ನೆರೆತವನೊಬ್ಬ, ಒಬ್ಬನೇ. ನಾಲಿಗೆಯ ತುದಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಪಾಪ, ಅವನಿಗೂ ಯಾರೋ ಬಾಗಿಲಿಗೆ ಬರಬೇಕಾಗಿತ್ತೇನೋ.