ಮೂರು ಮೂಲೆಯ ಇಂಜಿನ್ನು

"ಇನ್ನ ಮ್ಯಾಲೆ ಈ ವಿಜಯಮಹಾಂತೇಶ ಬದಾಮಿಗೆ ಬಸ್ಸಿನ್ಯಾಗ ಹೋಗಂಗಿಲ್ಲ. ಹಾರಿ ಹೋಗ್ತಾನ!"

ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ ನಡೆಸುವ ವಿಜಯಮಹಾಂತೇಶ ಈ ಮಹಾಪ್ರತಿಜ್ಞೆ ಮಾಡಿದ್ದು ಒಂದು ಕೈಯಲ್ಲಿ ಮಿರ್ಚಿ ಭಜಿ ಹಿಡಿದು, ಹೆಂಡತಿ ಶಿವಗಂಗೆಯ ಎದುರಿಗೆ. ಅವನು ಸ್ವಂತ ಕೈಯಿಂದ ಕಟ್ಟಿದ ಪುಟ್ಟ ವಿಮಾನದ ರೆಕ್ಕೆಗಳು ಕಾರ್ಖಾನೆಯ ಶೆಡ್ಡಿನಲ್ಲಿ ತೂಗುತ್ತಿದ್ದವು. ಕೊರತೆ ಇಂಜಿನ್ನಿನದೊಂದೇ. ಅದೂ ಬಂತು, ಯಾವುದೋ ಹಳೆಯ ಜಪಾನಿ ಕಾರಿನ ಹೊಟ್ಟೆಯಿಂದ ಕಿತ್ತದ್ದು. ಬಂದದ್ದೇ ಪಡಸಾಲೆಯ ನಟ್ಟನಡುವೆ ಪಟ್ಟವೇರಿತು!

"ಕಾರ್ಖಾನಿಯೊಳಗ ಬಿಚ್ಚಾಕ ಏನಾಗಿತ್ರಿ?"

"ಅಲ್ಲಿ ಕಲ್ಲಿನ ಧೂಳ ಐತಿ. ಒಂದ ಕಣ ಇದರ ಹೊಟ್ಟಿಯೊಳಗ ಹೋದ್ರ ಮುಗೀತು."

"ನನ್ನ ಹೊಟ್ಟಿ ಉರ್ಯಾಕ ಹತ್ತೇತಲ್ಲ, ಅದಕ್ಕೇನು?"

ಹೊಟ್ಟೆ ಉರಿಯಲು ಕಾರಣವಿತ್ತು. ಶಿವಗಂಗೆಯ ಖಡಕ್ ರೊಟ್ಟಿಗೆ ಹುನಗುಂದದವರೆಗೂ ಹೆಸರು. ಬಡಿಯುವುದು, ಒಣಗಿಸುವುದು ಎಲ್ಲ ಅದೇ ಪಡಸಾಲೆಯಲ್ಲಿ. ಈಗ ಅಲ್ಲಿ ಕಾಲಿಟ್ಟರೆ ನಟ್ಟು, ಕೈಯಿಟ್ಟರೆ ಗ್ರೀಸು.

ಇದು ರೋಟರಿ ಇಂಜಿನ್ನು. ಮೇಲೆ ಕೆಳಗೆ ಕುಣಿಯುವ ಪಿಸ್ಟನ್ನಿಲ್ಲ. ಬದಿ ಉಬ್ಬಿದ ಮೂರು ಮೂಲೆಯ ಕಬ್ಬಿಣದ ಗಡ್ಡೆಯೊಂದು ಒಳಗೆ ಗಿರಗಿರ ಸುತ್ತುತ್ತದೆ. ಅದಕ್ಕೆ ರೋಟರ್ ಎನ್ನುತ್ತಾರೆ. ವಿಜಯಮಹಾಂತೇಶ ಅದನ್ನು ಹೊರತೆಗೆದು, ಹಿಟ್ಟು ನಾದುವ ಪರಾತದಲ್ಲಿ ಸೀಮೆಎಣ್ಣೆ ಸುರಿದು, ಕೂಸಿಗೆ ಎರೆಯುವಂತೆ ತೊಳೆಯುತ್ತಿದ್ದಾಗ ಶಿವಗಂಗೆ ಬಂದು ನಿಂತಳು. ಪರಾತ ನೋಡಿದಳು. ರೋಟರ್ ನೋಡಿದಳು.

"ಯಾರ ಬಡದಾರಿದನ್ನ? ರೊಟ್ಟಿ ಹಿಂಗ ಮೂರ ಮೂಲಿ ಬಂದ್ರ ನಮ್ಮವ್ವ ಕೈಮ್ಯಾಲ ಸೌಟಿಲೆ ಕೊಡ್ತಿದ್ಲು!"

"ಇದರ ಮೂಲಿಯೊಳಗ ವಿಜ್ಞಾನ ಐತಿ."

"ನನ್ನ ಪರಾತದಾಗ ಸೀಮೆಎಣ್ಣಿ ಐತಿ!"

ಆ ಮೂಲೆಗಳಿಗೆ ಕೂರಿಸುವ ಎಳ್ಳುಕಾಳಿನಂಥ ಸ್ಪ್ರಿಂಗೊಂದು ಟಣ್ಣನೆ ಹಾರಿ ಮಾಯವಾದ ದಿನ ಮನೆಯಲ್ಲಿ ಸೂತಕವೇ ನೆಲೆಸಿತು. ಕೊನೆಗದು ಜೋಳದ ಹಿಟ್ಟಿನ ಜರಡಿಯಲ್ಲಿ ಸಿಕ್ಕಿತು. ಅದನ್ನು ಗಂಡನ ಅಂಗೈಗೆ ಹಾಕುತ್ತ ಶಿವಗಂಗೆ ಪಂಥ ಕಟ್ಟಿದಳು:

"ಐತವಾರದೊಳಗ ಇದು ಚಾಲೂ ಆದ್ರ ಪಡಸಾಲಿ ನಿಮ್ಮದು, ನಾ ತುಟಿ ಬಿಚ್ಚಂಗಿಲ್ಲ. ಆಗ್ಲಿಲ್ಲಂದ್ರ ಇಂಜಿನ್ ಗುಜರಿಗೆ, ಪಡಸಾಲಿ ರೊಟ್ಟಿಗೆ."

ಪಡಸಾಲೆಯಷ್ಟೇ ಅಲ್ಲ, ಪಟ್ಟದಕಲ್ಲಿನ ಗುಡಿಗಳ ಮೇಲೆ ಒಂದು ಸುತ್ತು ಹೊಡೆಯುವ ಕನಸೂ ಪಣಕ್ಕೆ ಬಿತ್ತು! ವಿಜಯಮಹಾಂತೇಶ ಗೆಳೆಯ ಅಹ್ಮದಸಾಬನತ್ತ ಓಡಿದ. ಕಲ್ಲು ಕೊಯ್ಯುವ ಯಂತ್ರಗಳನ್ನು ಕಟ್ಟುವುದರಲ್ಲಿ ಅಹ್ಮದಸಾಬ ಊರಿಗೇ ಗಟ್ಟಿಗ. ಇಂಜಿನ್ನಿಗೂ ವಿಮಾನದ ಮೂತಿಯಲ್ಲಿ ತಿರುಗುವ ಫ್ಯಾನಿಗೂ ನಡುವೆ ಕೂರಿಸುವ ಗೇರುಪೆಟ್ಟಿಗೆಯನ್ನು ಅವನೇ ತಯಾರಿಸಿ ತಂದ.

"ದೋಸ್ತ, ಇದು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಸವ್ಯಂಗಿಲ್ಲ!"

ಐತವಾರ ಇಂಜಿನ್ನನ್ನು ಹಿತ್ತಲಿಗೆ ಹೊತ್ತು, ಕಬ್ಬಿಣದ ಚೌಕಟ್ಟಿಗೆ ಬಿಗಿದು, ಫ್ಯಾನು ಕೂರಿಸಿ, ಚೌಕಟ್ಟಿನ ಮೇಲೆ ಗ್ರಾನೈಟ್ ಗುಂಡುಗಳನ್ನು ಹೇರಿದರು. ಇಳಕಲ್ಲಿನಲ್ಲಿ ಕಲ್ಲಿಗೇನು ಬರ! ಫ್ಯಾನಿನ ಗಾಳಿ ಹಿಂದಿನ ಬಯಲಿಗೆ ಹೊಡೆಯುವಂತೆ ಲೆಕ್ಕ ಹಾಕಿ ನಿಲ್ಲಿಸಿದರು. ಇತ್ತ ಪಡಸಾಲೆ ಖಾಲಿಯಾದದ್ದೇ ತಡ, ಶಿವಗಂಗೆ ಹುನಗುಂದದ ಗೆಳತಿ ನೇತ್ರಾಳ ಮನೆಯ ಗೃಹಪ್ರವೇಶಕ್ಕೆ ಬಡಿದ ರೊಟ್ಟಿಗಳನ್ನೆಲ್ಲ ಗರಿಗರಿಯಾಗಲೆಂದು ಅಲ್ಲಿ ಹರವಿದಳು.

ವಿಭೂತಿ ಹಚ್ಚಿ, ಕಾಯಿ ಒಡೆದು, ವಿಜಯಮಹಾಂತೇಶ ಚಾವಿ ತಿರುಗಿಸಿದ.

ಇಂಜಿನ್ ಕೆಮ್ಮಿತು. ಸೀನಿತು. ಗುಡುಗಿತು! "ಚಾಲೂ ಆತೂ!" ಎಂದು ಚೀರಿ ಅವನು ಅಹ್ಮದಸಾಬನನ್ನು ತಬ್ಬಿಕೊಂಡ. ತಬ್ಬಿದ ಭರದಲ್ಲಿ ಮೊಣಕೈ ವೇಗದ ಹಿಡಿಕೆಗೆ ತಾಗಿ ಇಂಜಿನ್ನಿನ ವೇಗ ತುದಿ ಮುಟ್ಟಿತು. ಬಯಲಿನಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ. ಬದಲಿಗೆ ಹಿತ್ತಲ ಬಾಗಿಲು ದಢಾರನೆ ತೆರೆದುಕೊಂಡು ಗಾಳಿ ಮನೆಯೊಳಗೆ ನುಗ್ಗಿತು. ಅಡುಗೆಮನೆ ಹೊಕ್ಕು, ಹಿಟ್ಟಿನ ಡಬ್ಬಿ ಉರುಳಿಸಿ, ಪಡಸಾಲೆ ದಾಟಿ, ತಲಬಾಗಿಲಿಂದ ಬೀದಿಗೆ ಹೊರಟಿತು. ಅದರ ಜೊತೆಗೆ ರೊಟ್ಟಿಗಳೂ! ದೇವರ ಪಟದ ಕ್ಯಾಲೆಂಡರ್ ಮಾತ್ರ ಗೋಡೆಗೆ ಅವಚಿಕೊಂಡು ಹೇಗೋ ಉಳಿಯಿತು.

ಎದುರುಮನೆಯ ಮಾಸುಮಬಿ ಅಂಗಳದಿಂದ ಕೂಗಿದಳು: "ಶಿವಗಂಗಾಬಾಯಿ, ರೊಟ್ಟಿ ಬಂದು ಮುಟ್ಟಿದ್ವು, ಪಲ್ಯ ಯಾವಾಗ ಹಾರಸ್ತೀರಿ?"

ಇಂಜಿನ್ ಆರಿಸಿ ವಿಜಯಮಹಾಂತೇಶ ಗೆಳೆಯನತ್ತ ತಿರುಗಿದ. "ಲೇ ಅಹ್ಮದ, ಫ್ಯಾನ್ ಯಾಕ ಉಲ್ಟಾ ತಿರಗತೈತಿ?"

"ಕಲ್ಲು ಕೊಯ್ಯೂ ಮಷಿನಿಗೆ ಗೇರು ಹಂಗ ಹಾಕ್ತೀವಲ್ಲೋ! ಕೆಸರು ನಿಂತವ್ನ ಮೈಮ್ಯಾಲೆ ಸಿಡೀಬಾರ್ದು. ಕೈಗೆ ಅದ ರೂಢಿ." ಅಹ್ಮದಸಾಬ ತಲೆ ಕೆರೆದುಕೊಂಡ. "ನೋಡು, ನಿನ್ನ ಮೈಮ್ಯಾಲೆ ಏನರ ಸಿಡೀತ?"

ಸಿಡಿಯುವುದು ಬಾಗಿಲಲ್ಲಿ ನಿಂತಿತ್ತು, ಅಡಿಯಿಂದ ಮುಡಿಯವರೆಗೆ ಜೋಳದ ಹಿಟ್ಟು ಬಳಿದುಕೊಂಡು. ಆದರೂ ವಿಜಯಮಹಾಂತೇಶ ಎದೆಯುಬ್ಬಿಸಿದ. "ಚಾಲೂ ಆತಿಲ್ಲ? ಪಂಥ ನಾ ಗೆದ್ದೆ!"

"ಗೆದ್ರಿ," ಎಂದಳು ಶಿವಗಂಗೆ ತಣ್ಣಗೆ. "ಮಾತಿಗೆ ತಪ್ಪಾಕಿ ಅಲ್ಲ ನಾ. ಪಡಸಾಲಿ ನಿಮ್ಮದು, ಬರ್ರಿ."

ಪಡಸಾಲೆಯಲ್ಲಿ ಹಿಟ್ಟು, ನೀರು, ತೊಳೆದ ಪರಾತ ಸಿದ್ಧವಾಗಿದ್ದವು.

"ಸಂಜಿಗೆ ನೇತ್ರಾ ಗಾಡಿ ತಗೊಂಡ ಬರ್ತಾಳ. ಬಡೀರಿ. ಅಹ್ಮದಣ್ಣಾ, ನೀವೆಲ್ಲಿ ಹೊಂಟ್ರಿ? ಹಂಚು ಕಾದೈತಿ, ಬೇಯಸ್ರಿ!"

ಆಕಾಶ ಆಳಹೊರಟವನು ಚಕ್ಕಳಮಕ್ಕಳ ಕುಳಿತ. ನಾದಿದ, ತಟ್ಟಿದ, ತಿರುವಿದ, ಮತ್ತೆ ತಟ್ಟಿದ. ಬೆವರು ಸುರಿಸಿ ಕೊನೆಗೊಂದು ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಚೊಕ್ಕ ಮೂರು ಮೂಲೆ, ಉಬ್ಬಿದ ಬದಿಗಳು!

ಶಿವಗಂಗೆ ಅದನ್ನು ಹಿಂದೆ ಮುಂದೆ ತಿರುವಿ ನೋಡಿದಳು.

"ಇದನ್ನ ಹುನಗುಂದಕ್ಕ ಕಳಸಬ್ಯಾಡ್ರಿ. ಇಂಜಿನ್ನಿಗೆ ಹಾಕ್ರಿ. ಗಾಳಿ ಬಯಲಿಗೆ ಹೊಡದ್ರೂ ಹೊಡದೀತು!"