ಮೂವತ್ತೆಂಟು ಕೆಂಪು ಚುಕ್ಕಿ

ಕೆಂಪು ಚುಕ್ಕಿ ಬಿದ್ದ ಮಕ್ಕಳಿಗೆ ಬ್ರಶ್ಶು, ಪೇಸ್ಟು ಪುಕ್ಕಟೆ ಎಂದು ಗೂಳಪ್ಪ ಮಾಸ್ತರರು ಶಾಲೆಯ ಮೈಕಿನಲ್ಲಿ ಹೇಳಬಾರದಿತ್ತು. ಹೇಳಿಬಿಟ್ಟರು.

ದಂತ ಆರೋಗ್ಯ ಸಹಾಯಕ ಈರೇಶ ನವಲಗುಂದದ ಆಚೆಯ ಆ ಊರಿಗೆ ಬಂದದ್ದು, ಯಾವ ಮಗುವಿನ ಹಲ್ಲು ಮುಂದೆ ಹುಳುಕಾಗಬಹುದು ಎಂದು ಅಂದಾಜು ಮಾಡಲು. ಬಾಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಬೇಕು, ಸಿಹಿ ಎಷ್ಟು ಸಲ, ಹಲ್ಲುಜ್ಜುವುದು ಎಷ್ಟು ಸಲ ಎಂದು ಕೇಳಬೇಕು, ಅಪಾಯವಿದ್ದರೆ ಹೆಸರಿನ ಮುಂದೆ ಕೆಂಪು ಚುಕ್ಕಿ, ಇಲ್ಲದಿದ್ದರೆ ಹಸಿರು. ಇದೊಂದು ಊರು ಮುಗಿಸಿದರೆ ಅಳ್ನಾವರಕ್ಕೆ ವರ್ಗ ಮಾಡುವುದಾಗಿ ಮೇಲಧಿಕಾರಿ ಸವಿತಾ ಮೇಡಂ ಮಾತು ಕೊಟ್ಟಿದ್ದರು. ಅಲ್ಲಿ ಅವನ ಹೆಂಡತಿ ಅರುಣಾಳಿಗೆ ಏಳು ತಿಂಗಳು.

ಮೈಕಿನ ದನಿಗೆ ಮನೆಮಂದಿಯೆಲ್ಲ ಬಂದರು. ಪ್ರಶ್ನೆ ಮಕ್ಕಳಿಗಾದರೂ ಉತ್ತರ ಹಿರಿಯರದು.

"ದಿನಾ ಎಷ್ಟ ಸಲ ಸಿಹಿ ತಿಂತೀ?" ಈರೇಶ ಒಬ್ಬ ಹುಡುಗಿಯನ್ನು ಕೇಳಿದ.

"ಆಕಿನ್ನ ಏನ ಕೇಳ್ತೀರಿ? ಹನ್ನೆರಡು ಸಲ ಬರಕೋರಿ," ಎಂದಳು ಅಜ್ಜಿ ರೇಣುಕವ್ವ. "ಇರಿವಿ ಹತ್ತಿದ ಬೆಲ್ಲಾನೂ ಬಿಡೂದಿಲ್ಲ."

"ಹಲ್ಲು ತಿಕ್ಕೂದು?"

"ಉಗಾದಿಗೊಮ್ಮೆ."

ಹುಡುಗಿ ಬಾಯಿ ತೆರೆದಳು. ಹಲ್ಲುಗಳು ಹೊಸ ಪಿಂಗಾಣಿ ಬಟ್ಟಲಿನಂತೆ ಹೊಳೆದವು. ಇದು ಹೇಗೆ ಸಾಧ್ಯವೆಂದು ಈರೇಶ ಮತ್ತೊಮ್ಮೆ ಬಗ್ಗಿ ನೋಡಿದ.

ಅಷ್ಟರಲ್ಲಿ ಪಕ್ಕದ ಮನೆಯ ಗುರವ್ವ ಮಗನನ್ನು ಎಳೆದುಕೊಂಡು ಮುಂದೆ ನುಗ್ಗಿದಳು. "ನಮ್ಮ ಮಾಂತೇಶ ನಿದ್ದಿಗಣ್ಣಾಗೂ ಪೇಡೆ ಚೀಪತಾನ್ರಿ. ಇಪ್ಪತ್ತು ಬರೀರಿ."

"ಏನ ಇಪ್ಪತ್ತಬೇ? ಚಹಾಕ್ಕ ಸಕ್ರಿ ಇಲ್ಲಂತ ನಿನ್ನೆ ನಮ್ಮನಿಗೆ ಬಂದಿದ್ದಿ," ಎಂದಳು ರೇಣುಕವ್ವ.

"ಮತ್ತ? ಇದ್ದದ್ದೆಲ್ಲಾ ಇವನಽ ತಿಂದಾನ."

ಹಲ್ಲು ಹೇಗೇ ಇರಲಿ, ಹಿರಿಯರು ಹೇಳಿದ ಲೆಕ್ಕದಲ್ಲಿ ಮಧ್ಯಾಹ್ನಕ್ಕೆ ಮೂವತ್ತೆಂಟು ಮಕ್ಕಳಿಗೂ ಕೆಂಪು. ಹಾಳೆ ಮೆಣಸಿನಕಾಯಿ ಒಣಹಾಕಿದ ಕಣದಂತೆ ಕಂಡಿತು. ಅದರ ಫೋಟೊ ಕಳಿಸಿದ ಕೂಡಲೇ ಮೇಡಂ ಫೋನು ಬಂತು.

"ಎಲ್ಲಾರಿಗೂ ಅಪಾಯ ಅಂದ್ರ ನಿಮ್ಮನ್ನ ಆ ಊರು ಬಿಡಿಸಿ ಹೆಂಗ ಕಳಸ್ಲಿ ಈರೇಶ? ವಾರಾ ವಾರಾ ನೋಡಬೇಕಾಗ್ತದ."

"ತಪ್ಪಾಗೇತ್ರಿ ಮೇಡಂ, ಇನ್ನೊಮ್ಮೆ ಕೇಳ್ತೀನ್ರಿ," ಎಂದು ಈರೇಶ ಮಾಸ್ತರರ ಬಳಿ ಓಡಿದ. "ಸರ, ಇವರ ಕಡಿಂದ ಖರೇ ಹೇಳಸೂದು ಹೆಂಗ್ರಿ?"

"ಅದೇನ ದೊಡ್ಡದು," ಎಂದು ಗೂಳಪ್ಪ ಮಾಸ್ತರರು ಅವನನ್ನು ಕೇಳದೆಯೇ ಮೈಕು ಹಿಡಿದರು. "ಕೆಂಪು ಚುಕ್ಕಿ ಇದ್ದವರಿಗೆ ಈಗ ದವಡಿಗೆ ಸೂಜಿ ಮಾಡ್ತಾರ."

ಮೊದಲು ಓಡಿಬಂದವಳು ರೇಣುಕವ್ವ. "ನಮ್ಮಾಕಿ ಸಕ್ರಿ ಕಂಡ್ರ ಅಳತಾಳ್ರಿ."

"ನಮ್ಮಂವಗ ಸಿಹಿ ಅಂದ್ರ ಏನಂತನಽ ಗೊತ್ತಿಲ್ರಿ. ದಿನಕ್ಕ ಮೂರ ಸಲ ಹಲ್ಲು ತಿಕ್ಕತಾನ," ಎಂದಳು ಗುರವ್ವ. ಮಾಂತೇಶ ಏನೋ ಹೇಳಹೊರಟ. ಬಾಯಲ್ಲಿ ಪೇಡೆ ಇದ್ದದ್ದರಿಂದ ಆಗಲಿಲ್ಲ.

ನಾಲ್ಕು ಗಂಟೆಗೆ ಹಾಳೆಯೆಲ್ಲ ಹಸಿರು. ಇದೂ ಸುಳ್ಳೆಂದು ಈರೇಶನಿಗೆ ಗೊತ್ತಿತ್ತು. ಅರುಣಾಳ ಮುಖ ನೆನಪಾಯಿತು. ಕಳಿಸಿಬಿಟ್ಟ.

"ಮೂವತ್ತೆಂಟೂ ಹಸಿರು?" ಮೇಡಂ ದನಿಯಲ್ಲಿ ಬೆರಗಿತ್ತು. "ಇಂಥಾ ಊರು ನಾ ನೋಡೇ ಇಲ್ಲ. ಇವರು ಏನ ತಿಂತಾರ, ಹೆಂಗ ತಿಕ್ಕತಾರ, ಎಲ್ಲಾ ತಿಳಕೋಬೇಕು. ಮೂರು ವರ್ಷದ ಅಧ್ಯಯನ ಮಾಡೂಣು. ನೀವು ಅಲ್ಲೇ ಇರ್ರಿ, ಅಳ್ನಾವರಕ್ಕ ಬ್ಯಾರೆದವರನ್ನ ಕಳಸ್ತೀನಿ."

ಈರೇಶ ಗಲ್ಲಕ್ಕೆ ಕೈ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಸಿದು ಕೂತ.

ಗೂಳಪ್ಪ ಮಾಸ್ತರರು ಬಗ್ಗಿ ಅವನ ಮುಖ ನೋಡಿದರು. "ಯಾಕ್ರೀ, ಹಲ್ಲು ನೋಯಾಕತ್ತಾವೇನು?"